ಸೋಷಿಯಲ್ ಮೀಡಿಯಾ: ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು?

"ಸೋಷಿಯಲ್ ಮೀಡಿಯಾ ಒಳ್ಳೆಯದಾ, ಕೆಟ್ಟದ್ದಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರಿಗೆ ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳಲು ಒಂದು ಕಾರಣ ಬೇಕು. ಇನ್ನು ಕೆಲವರಿಗೆ ತಮ್ಮ ಕೈಗೇ ಫೋನ್ ಅಂಟಿಕೊಂಡಿದೆ ಅನ್ನುವ ಬೇಜಾರು. ಪ್ರಶ್ನೆಯನ್ನು ಹೀಗೆ ಇಡಿಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಸಂಜೆ ಒಂದು ಆ್ಯಪ್‌ನಲ್ಲಿ ದೂರದಲ್ಲಿರುವ ಅಕ್ಕನ ಜೊತೆ ನಕ್ಕು ಮಾತಾಡಿರುತ್ತೀರಿ. ರಾತ್ರಿ ಅದೇ ಆ್ಯಪ್‌ನಲ್ಲಿ ಗುರುತು ಪರಿಚಯ ಇಲ್ಲದವರ ಜಗಳ ಓದುತ್ತಾ ನಿದ್ದೆ ಕೆಡಿಸಿಕೊಂಡಿರುತ್ತೀರಿ. ಎರಡಕ್ಕೂ ಸೇರಿಸಿ ಒಂದೇ ಅಂಕ ಕೊಡುವುದು ಹೇಗೆ?

ಹಾಗಾಗಿ ಬಿಡಿಸಿ ನೋಡೋಣ. ನನ್ನ ಲೆಕ್ಕ ಸರಳ. ನೀವಾಗಿ ಹುಡುಕಿಕೊಂಡು ಹೋಗಿದ್ದರಿಂದ ಲಾಭ ಜಾಸ್ತಿ. ತಾನಾಗಿ ಕಣ್ಣೆದುರು ಬಂದು ಬಿದ್ದದ್ದರಿಂದ ನಷ್ಟ ಜಾಸ್ತಿ. ಅಪವಾದಗಳು ಇವೆ, ಆದರೆ ಶುರು ಮಾಡಲು ಇಷ್ಟು ಸಾಕು. ಕೆಳಗಿನ ಹಂತಗಳೆಲ್ಲ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕತ್ತರಿಸುವುದಕ್ಕೆ.

"ಇಷ್ಟೆಲ್ಲ ಯಾಕೆ, ಪೂರ್ತಿ ಬಿಟ್ಟರೆ ಆಯಿತಲ್ಲ?" ಅನ್ನುವವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಒಂದಷ್ಟು ಜನರಿಗೆ ಹಣ ಕೊಟ್ಟು, ನಾಲ್ಕು ವಾರ ಫೇಸ್‌ಬುಕ್ ಖಾತೆ ನಿಲ್ಲಿಸಲು ಹೇಳಿದರು. ಅವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು. ಮನಸ್ಸು ಸ್ವಲ್ಪ ಹಗುರವಾಯಿತು. ಆದರೆ ಸುದ್ದಿಯ ಬಗ್ಗೆ ತಿಳಿವಳಿಕೆ ಕಡಿಮೆಯಾಯಿತು. 'ಸ್ವಲ್ಪ' ಅನ್ನುವುದನ್ನು ಗಮನಿಸಿ. ಬಿಟ್ಟ ಕೂಡಲೇ ಜೀವನವೇ ಬದಲಾಗುತ್ತದೆ ಅನ್ನುವವರ ಮಾತು ಪೂರ್ತಿ ನಂಬಬೇಡಿ. ಏನೂ ವ್ಯತ್ಯಾಸ ಆಗಲ್ಲ ಅನ್ನುವವರದ್ದೂ ಅಷ್ಟೇ.

ಏನೇನು ಬೇಕು?

ಒಂದು ಹಾಳೆ, ಪೆನ್ನು, ನಿಮ್ಮ ಫೋನು. ನಿಮ್ಮ ಖಾತೆಗಳ ಪಾಸ್‌ವರ್ಡ್‌ಗಳು ನೆನಪಿರಬೇಕು. ಸೆಟ್ಟಿಂಗ್ ಬದಲಿಸಲು ಒಂದು ಗಂಟೆ ಬಿಡುವು, ಅದಕ್ಕೆ ಮೊದಲು ಸುಮ್ನೆ ಗಮನಿಸಲು ಒಂದು ವಾರ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪನಿಗಳು ಮೆನುಗಳ ಜಾಗ ಆಗಾಗ ಬದಲಿಸುತ್ತವೆ. ಇಲ್ಲಿ ಹೇಳಿದ ಬಟನ್ ಹೇಳಿದ ಕಡೆ ಕಾಣದಿದ್ದರೆ ಸೆಟ್ಟಿಂಗ್ಸ್ ಒಳಗಿನ ಹುಡುಕುವ ಜಾಗದಲ್ಲಿ ಅದರ ಹೆಸರು ಟೈಪ್ ಮಾಡಿ.

1. ಒಂದು ವಾರ ಏನೂ ಬದಲಿಸದೆ ಅಳೆಯಿರಿ

ಆಂಡ್ರಾಯ್ಡ್ ಫೋನಿನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್', ಐಫೋನಿನಲ್ಲಿ 'ಸ್ಕ್ರೀನ್ ಟೈಮ್'. ಎರಡೂ 2018ರಲ್ಲಿ ಬಂದವು, ಸೆಟ್ಟಿಂಗ್ಸ್ ಒಳಗೇ ಇರುತ್ತವೆ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಹೋಯಿತು, ದಿನಕ್ಕೆ ಎಷ್ಟು ಸಲ ಫೋನ್ ಕೈಗೆತ್ತಿಕೊಂಡಿರಿ ಅಂತ ತೋರಿಸುತ್ತವೆ.

ಇಲ್ಲಿ ಜನ ಎಡವುವುದು ಒಟ್ಟು ಗಂಟೆ ನೋಡಿ ಗಾಬರಿಯಾಗುವುದರಲ್ಲಿ. ಆ ಒಟ್ಟಿನಲ್ಲಿ ದಾರಿ ತೋರಿಸುವ ಮ್ಯಾಪ್, ಕಚೇರಿಯ ಕರೆ, ಓದಿದ ಪುಸ್ತಕ ಎಲ್ಲ ಸೇರಿರುತ್ತದೆ. ಆ್ಯಪ್‌ವಾರು ಲೆಕ್ಕ ನೋಡಿ. ಎಷ್ಟು ಸಲ ಎತ್ತಿಕೊಂಡಿರಿ ಅನ್ನುವ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಗಂಟೆಗಿಂತ ಅದೇ ಜಾಸ್ತಿ ಮಾತಾಡುತ್ತದೆ ಅಂತ ನನ್ನ ಅಭಿಪ್ರಾಯ.

2. ಹಾಳೆಯ ಮೇಲೆ ಕೆಲಸಗಳನ್ನು ಬರೆಯಿರಿ

ಆ್ಯಪ್‌ಗಳ ಹೆಸರು ಬರೆಯಬೇಡಿ, ಅದರಲ್ಲಿ ಏನು ಮಾಡುತ್ತೀರೋ ಅದನ್ನು ಬರೆಯಿರಿ. 'ವಾಟ್ಸ್‌ಆ್ಯಪ್' ಅಂತಲ್ಲ. 'ತಂಗಿಗೆ ಫೋಟೋ ಕಳಿಸುವುದು', 'ಅಪಾರ್ಟ್‌ಮೆಂಟ್ ಗ್ರೂಪಿನ ಜಗಳ ಓದುವುದು' ಅಂತ. 'ಯೂಟ್ಯೂಬ್' ಅಂತಲ್ಲ. 'ಹೊಲಿಗೆ ಕಲಿಯುವುದು', 'ಒಂದಾದ ಮೇಲೊಂದು ಶಾರ್ಟ್ಸ್ ನೋಡುವುದು' ಅಂತ. ಪ್ರತಿಯೊಂದರ ಮುಂದೆ 'ಹೋಗಿದ್ದು' ಅಥವಾ 'ಬಂದಿದ್ದು' ಅಂತ ಗುರುತು ಹಾಕಿ. ನೀವಾಗಿ ಅದಕ್ಕೇ ಹೋದಿರಾ, ಬೇರೇನಕ್ಕೋ ಹೋದಾಗ ಅದು ಎದುರಿಗೆ ಬಂತಾ? ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ನಿನ್ನೆ ನೋಡಿದ್ದರಲ್ಲಿ ಇವತ್ತು ಎಷ್ಟು ನೆನಪಿದೆ?

'ಹೋಗಿದ್ದು' ಅನ್ನುವ ಲಾಭದ ಕಾಲಂ ಬರೆಯುವಾಗ ಜಿಪುಣತನ ಬೇಡ. ಸೋಷಿಯಲ್ ಮೀಡಿಯಾ ಬೈಯುವ ಲೇಖನಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಅಪರೂಪದ ಕಾಯಿಲೆ ಇರುವವರಿಗೆ ಸುತ್ತಮುತ್ತ ತಮ್ಮಂಥವರು ಒಬ್ಬರೂ ಸಿಗದಿರಬಹುದು, ಆನ್‌ಲೈನ್ ಗುಂಪಿನಲ್ಲಿ ನೂರಾರು ಜನ ಸಿಗುತ್ತಾರೆ. ಕಿವಿ ಕೇಳದವರಿಗೆ ವಿಡಿಯೋ ಕಾಲ್ ಅಂದರೆ ಸನ್ನೆಯಲ್ಲೇ ಮಾತಾಡುವ ಫೋನು. ಅಂಗಡಿ ಬಾಡಿಗೆ ಕಟ್ಟಲಾಗದವರು ಮನೆಯಿಂದಲೇ ತಮ್ಮ ಕೈಕೆಲಸ ಮಾರುತ್ತಾರೆ. ಅನಾಹುತ ಆದಾಗ 'ನಾನು ಸುರಕ್ಷಿತವಾಗಿದ್ದೇನೆ' ಅಂತ ಎಲ್ಲರಿಗೂ ಒಮ್ಮೆಲೇ ತಿಳಿಸಲು ಫೇಸ್‌ಬುಕ್ 2014ರಲ್ಲಿ 'ಸೇಫ್ಟಿ ಚೆಕ್' ತಂದಿತು. ಮನೆಯಿಂದ ಹೊರಗೆ ಹೋಗಲಾಗದ ವಯಸ್ಸಾದವರಿಗೆ ಮೊಮ್ಮಕ್ಕಳ ಮುಖ ಕಾಣುವುದು ಇದರಲ್ಲೇ. ಇದನ್ನೆಲ್ಲ 'ಚಟ' ಅಂತ ಕರೆಯುವುದು ತಪ್ಪು.

ಹಾಳೆ ತುಂಬಿದ ಮೇಲೆ ನೋಡಿ. 'ಹೋಗಿದ್ದು' ಕಾಲಂನ ಕೆಲಸಗಳಿಗೆಲ್ಲ ಸೇರಿ ದಿನಕ್ಕೆ ಎಷ್ಟು ಹೊತ್ತು ಬೇಕು? ಬಹಳಷ್ಟು ಜನರಿಗೆ ಇದು ತಾವು ಅಂದುಕೊಂಡಿದ್ದಕ್ಕಿಂತ ಕಡಿಮೆ ಬರುತ್ತದೆ.

3. ಫೀಡ್‌ನ ಹಿಡಿತ ಸಡಿಲಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬೇರೆ ಯಾವುದೂ ಮಾಡದಿದ್ದರೂ ಇದೊಂದು ಮಾಡಿ.

ಆ್ಯಪ್ ತೆರೆದ ಕೂಡಲೇ ಕಾಣುವ, ಮುಗಿಯದ ಪೋಸ್ಟ್‌ಗಳ ಸಾಲಿಗೆ ಫೀಡ್ ಅನ್ನುತ್ತಾರೆ. ಯಾವ ಪೋಸ್ಟ್ ಮೇಲೆ, ಯಾವುದು ಕೆಳಗೆ ಅಂತ ನಿರ್ಧರಿಸುವ ಲೆಕ್ಕಾಚಾರದ ಹೆಸರು ಆಲ್ಗಾರಿದಮ್. ಮೊದಲು ಹೀಗಿರಲಿಲ್ಲ. 2004ರಲ್ಲಿ ಫೇಸ್‌ಬುಕ್ ಶುರುವಾದಾಗ ಗೆಳೆಯರ ಪುಟಕ್ಕೆ ನೀವೇ ಹೋಗಿ ನೋಡಬೇಕಿತ್ತು. 2006ರಲ್ಲಿ ನ್ಯೂಸ್ ಫೀಡ್ ಬಂತು, 2009ರಲ್ಲಿ ಲೈಕ್ ಬಟನ್ ಬಂತು. ಇನ್‌ಸ್ಟಾಗ್ರಾಮ್ 2016ರವರೆಗೆ ಹೊಸದು ಮೇಲೆ, ಹಳೆಯದು ಕೆಳಗೆ ಅಂತ ತೋರಿಸುತ್ತಿತ್ತು, ಆಮೇಲೆ ಅದೂ ಲೆಕ್ಕಾಚಾರಕ್ಕೆ ಬದಲಾಯಿತು. ಪುಟ ಮುಗಿಯದೆ ಕೆಳಗೆ ಹೋಗುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್, ಅದಕ್ಕಾಗಿ ಆಮೇಲೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು.

ಈ ಲೆಕ್ಕಾಚಾರಕ್ಕೆ ನಿಮ್ಮ ಖುಷಿ, ಬೇಸರದ ಪರಿವೆ ಇಲ್ಲ. ಕಂಪನಿಗೆ ದುಡ್ಡು ಬರುವುದು ಜಾಹೀರಾತಿನಿಂದ. ನೀವು ಜಾಸ್ತಿ ಹೊತ್ತು ಇದ್ದಷ್ಟೂ ಜಾಸ್ತಿ ಜಾಹೀರಾತು. ಹಾಗಾಗಿ ಯಾವುದು ನಿಮ್ಮನ್ನು ನಿಲ್ಲಿಸುತ್ತದೋ ಅದು ಮೇಲೆ ಬರುತ್ತದೆ. 2021ರಲ್ಲಿ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ ಫೇಸ್‌ಬುಕ್‌ನ ಒಳಗಿನ ಕಾಗದಪತ್ರ ಹೊರಗಿಟ್ಟಾಗ ಒಂದು ವಿಷಯ ತಿಳಿಯಿತು. 2017ರಿಂದ ಕೆಲ ಕಾಲ ಕೋಪದ ಇಮೋಜಿಗೆ ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿದ್ದರಂತೆ. ಆಮೇಲೆ ಅದನ್ನು ಸೊನ್ನೆಗೆ ಇಳಿಸಿದರು. ಅಂದರೆ 'ಇದೆಂಥ ಅಸಹ್ಯ!' ಅಂತ ನೀವು ಹಾಕುವ ಕಾಮೆಂಟ್ ಕೂಡ ಆ ಪೋಸ್ಟನ್ನು ಮೇಲೆತ್ತಬಹುದು.

ಈಗ ಮಾಡಬೇಕಾದ್ದು:

- ನೋಟಿಫಿಕೇಶನ್ ಆಫ್ ಮಾಡಿ. ಫೋನ್ ಟಿಂಗ್ ಅಂದು ನಿಮ್ಮನ್ನು ಕರೆಯುವ ಸೂಚನೆಗಳಿವು. ನಿಮಗೇ ಅಂತ ಒಬ್ಬ ಮನುಷ್ಯ ಬರೆದ ಸಂದೇಶ ಮತ್ತು ಕರೆ, ಎರಡನ್ನು ಮಾತ್ರ ಆನ್ ಇಟ್ಟುಕೊಳ್ಳಿ. 'ನಿಮಗೆ ಇಷ್ಟ ಆಗಬಹುದು', 'ಇವರು ಲೈವ್ ಬಂದಿದ್ದಾರೆ' ಎಲ್ಲ ಬಂದ್.
- ಇನ್‌ಸ್ಟಾಗ್ರಾಮ್ ಮತ್ತು ಎಕ್ಸ್‌ನಲ್ಲಿ (ಮೊದಲಿನ ಟ್ವಿಟರ್) 'ಫಾಲೋಯಿಂಗ್' ಅನ್ನುವ ನೋಟ ಇದೆ. ಅದರಲ್ಲಿ ನೀವೇ ಆರಿಸಿಕೊಂಡವರು ಮಾತ್ರ ಕಾಣುತ್ತಾರೆ. ಒಂದು ತಕರಾರು ಎಂದರೆ ಆ್ಯಪ್ ಮತ್ತೆ ಹಳೆಯ ನೋಟಕ್ಕೆ ತಾನೇ ಜಾರುತ್ತಿರುತ್ತದೆ, ಆಗಾಗ ಬದಲಿಸಬೇಕು.
- ಯೂಟ್ಯೂಬ್‌ನಲ್ಲಿ 'ವಾಚ್ ಹಿಸ್ಟರಿ' ಅಳಿಸಿ ಆಫ್ ಮಾಡಿದರೆ ಮುಖಪುಟ ಬಹುಪಾಲು ಖಾಲಿ ಆಗುತ್ತದೆ. ಬೇಕಾದ್ದನ್ನು ಹುಡುಕಿ ನೋಡಬೇಕು, ಅಷ್ಟೇ. 'ಆಟೋಪ್ಲೇ' ಕೂಡ ಆಫ್ ಮಾಡಿ.
- ಫಾಲೋ ಮಾಡುವವರ ಪಟ್ಟಿ ತೆರೆದು ಒಂದೊಂದೇ ಹೆಸರು ನೋಡಿ. ಯಾರ ಪೋಸ್ಟ್ ನೋಡಿದ ಮೇಲೆ ಸುಮ್ನೆ ಕಿರಿಕಿರಿ ಆಗುತ್ತದೋ ಅವರನ್ನು ಬಿಡಿ. ನೆಂಟರು, ಬಿಡಲಾಗದು ಅಂದರೆ 'ಮ್ಯೂಟ್' ಮಾಡಿ. ಅವರಿಗೆ ಗೊತ್ತಾಗುವುದಿಲ್ಲ.

ಎಚ್ಚರಿಕೆ: ಒಂದು ಆ್ಯಪ್ ತೆಗೆದು ಗೆದ್ದೆ ಅಂದುಕೊಳ್ಳುವವರ ಬೆರಳು ಇನ್ನೊಂದು ಆ್ಯಪ್‌ಗೆ ಹೋಗುವುದು ಬಹಳ ಸಾಮಾನ್ಯ. ಎರಡನೇ ವಾರದಲ್ಲಿ ಒಮ್ಮೆ ಮತ್ತೆ ಆ್ಯಪ್‌ವಾರು ಲೆಕ್ಕ ನೋಡಿ.

4. ಹೊತ್ತು ಮತ್ತು ಜಾಗ ಗೊತ್ತುಮಾಡಿ

2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ಗೆ ದಿನಕ್ಕೆ ತಲಾ 10 ನಿಮಿಷ ಮಾತ್ರ ಕೊಟ್ಟರು. ಮೂರು ವಾರದಲ್ಲಿ ಅವರ ಒಂಟಿತನ, ಖಿನ್ನತೆ ಕಡಿಮೆಯಾಗಿತ್ತು. ಅವರು ಪೂರ್ತಿ ಬಿಟ್ಟಿರಲಿಲ್ಲ ಅನ್ನುವುದು ಇಲ್ಲಿ ಮುಖ್ಯ.

ಫೋನಿನ 'ಆ್ಯಪ್ ಟೈಮರ್' ಹಾಕಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಸಮಯ ಮುಗಿದಾಗ 'ಇನ್ನು 15 ನಿಮಿಷ' ಅನ್ನುವ ಬಟನ್ ಬಂದರೆ ಒತ್ತದವರು ಯಾರು? ಅದಕ್ಕಿಂತ ಗಟ್ಟಿ ಉಪಾಯ ಎಂದರೆ ಫೋನನ್ನು ಹಾಸಿಗೆಯಿಂದ ದೂರ ಚಾರ್ಜ್‌ಗೆ ಇಡುವುದು. ಅಲಾರಂ ಬೇಕು ಅನ್ನುವುದು ನೆಪ, ಒಂದು ಸಣ್ಣ ಗಡಿಯಾರ ಸಾಕು. ಆ್ಯಪ್ ತೆಗೆದು ಬ್ರೌಸರ್‌ನಲ್ಲಿ ಮಾತ್ರ ಬಳಸುವುದೂ ಒಳ್ಳೆಯದು. ಪ್ರತಿ ಸಲ ಲಾಗಿನ್ ಆಗುವ ರಗಳೆಯೇ ಅರ್ಧ ಕೆಲಸ ಮಾಡುತ್ತದೆ.

5. ಫಾರ್ವರ್ಡ್ ಮಾಡುವ ಮುನ್ನ

ಇಲ್ಲಿ ನಷ್ಟ ನಿಮ್ಮೊಬ್ಬರದ್ದಲ್ಲ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿ ರೀಟ್ವೀಟ್ ಆಗುವ ಸಾಧ್ಯತೆ ಶೇಕಡಾ 70ರಷ್ಟು ಜಾಸ್ತಿ ಇತ್ತು. ಯಂತ್ರಗಳನ್ನು ದೂರುವಂತಿಲ್ಲ. ತಾನೇ ಪೋಸ್ಟ್ ಮಾಡುವ ಬಾಟ್ ಖಾತೆಗಳು ನಿಜ, ಸುಳ್ಳು ಎರಡನ್ನೂ ಒಂದೇ ಥರ ಹರಡಿದ್ದವು. ವ್ಯತ್ಯಾಸ ಬಂದಿದ್ದು ಮನುಷ್ಯರಿಂದ. ಸುಳ್ಳು ಯಾವಾಗಲೂ ಹೊಸದಾಗಿ, ರೋಚಕವಾಗಿ ಇರುತ್ತದೆ, ಅಲ್ವಾ?

ಸಂದೇಶ ಬಂದಾಗ ಈ ಕ್ರಮದಲ್ಲಿ ನೋಡಿ. ಮೊದಲು, ಅದು ನಿಮ್ಮಿಂದ ಏನು ಬಯಸುತ್ತಿದೆ? 'ಕೂಡಲೇ ಎಲ್ಲರಿಗೂ ಕಳಿಸಿ', 'ಮಾಧ್ಯಮಗಳು ಇದನ್ನು ಮುಚ್ಚಿಟ್ಟಿವೆ' ಅಂತಿದ್ದರೆ ಅಲ್ಲೇ ನಿಲ್ಲಿ. ಅವಸರ ಮತ್ತು ಕೋಪ ಸುಳ್ಳಿನ ಹಳೆಯ ಸಂಗಾತಿಗಳು. ಎರಡನೆಯದಾಗಿ, ಯಾರು ಹೇಳಿದ್ದು, ಯಾವ ದಿನ? 'ಒಬ್ಬ ದೊಡ್ಡ ಡಾಕ್ಟರ್ ಹೇಳಿದ್ದಾರೆ' ಅನ್ನುವುದು ಮೂಲ ಅಲ್ಲ. ಮೂರನೆಯದು ಚಿತ್ರ. ಬಹಳ ಸಲ ಚಿತ್ರ ನಿಜವೇ ಇರುತ್ತದೆ, ಆದರೆ ಬೇರೆ ವರ್ಷದ್ದು, ಬೇರೆ ದೇಶದ್ದು. ಇದನ್ನು ಹಿಡಿಯಲು 'ರಿವರ್ಸ್ ಇಮೇಜ್ ಸರ್ಚ್' ಇದೆ. ಚಿತ್ರವನ್ನೇ ಕೊಟ್ಟು ಅದು ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕುವುದು. ಗೂಗಲ್ ಲೆನ್ಸ್‌ನಲ್ಲಿ ಉಚಿತವಾಗಿ ಆಗುತ್ತದೆ. ವಿಡಿಯೋ ಆದರೆ ನಿಲ್ಲಿಸಿ ಒಂದು ಸ್ಕ್ರೀನ್‌ಶಾಟ್ ತೆಗೆದು ಹಾಕಿ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಕಂಡರೆ, ಆ ಸಂದೇಶ ಅನೇಕ ಕೈ ದಾಟಿ ಬಂದಿದೆ ಅಂತ ಅರ್ಥ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಎರಡು ಬಾಣ ಇದ್ದ ಮಾತ್ರಕ್ಕೆ ಸುಳ್ಳು ಅಂತಲ್ಲ. ಬರೆದವರು ಯಾರು ಅಂತ ನಿಮಗೆ ಕಳಿಸಿದವರಿಗೂ ಗೊತ್ತಿರಲಿಕ್ಕಿಲ್ಲ, ಅಷ್ಟೇ.

ಈಗ ಡೀಪ್‌ಫೇಕ್ ಕಾಟವೂ ಸೇರಿಕೊಂಡಿದೆ. ಕಂಪ್ಯೂಟರ್‌ನಿಂದ ಒಬ್ಬರ ಮುಖ ಅಥವಾ ದನಿಯನ್ನು ನಕಲು ಮಾಡಿ, ಅವರು ಹೇಳದ ಮಾತನ್ನು ಹೇಳಿಸುವುದು. ಬೆರಳು ಸರಿಯಿಲ್ಲ, ಕಣ್ಣು ಮಿಟುಕುತ್ತಿಲ್ಲ ಅಂತ ಕಂಡುಹಿಡಿಯುವ ಕಾಲ ಹೋಗುತ್ತಿದೆ. ಕಣ್ಣನ್ನು ನಂಬುವ ಬದಲು, ಅದೇ ಮಾತನ್ನು ಬೇರೆ ನಂಬಿಕಸ್ತ ಸುದ್ದಿಮನೆ ವರದಿ ಮಾಡಿದೆಯಾ ನೋಡಿ.

ದೊಡ್ಡ ತಪ್ಪು ಯಾವುದು ಗೊತ್ತಾ? 'ನಿಜವೋ ಸುಳ್ಳೋ ಗೊತ್ತಿಲ್ಲ, ಯಾವುದಕ್ಕೂ ಇರಲಿ ಅಂತ ಕಳಿಸಿದೆ' ಅನ್ನುವುದು. ಗೊತ್ತಿಲ್ಲ ಅಂದರೆ ಕಳಿಸಬೇಡಿ. ಅದರಲ್ಲೂ ಔಷಧಿ ನಿಲ್ಲಿಸಿ ಅನ್ನುವ, ಯಾರನ್ನೋ ಕಳ್ಳ ಅಂತ ಫೋಟೋ ಸಮೇತ ತೋರಿಸುವ ಸಂದೇಶಗಳನ್ನು.

ಮನೆಯ ಹಿರಿಯರು ಸುಳ್ಳು ಸುದ್ದಿ ಕಳಿಸಿದರೆ ಏನು ಮಾಡಬೇಕು ಅಂತಲೂ ಕೇಳುತ್ತಾರೆ. ಗ್ರೂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಅವರು ಇನ್ನಷ್ಟು ಗಟ್ಟಿಯಾಗಿ ಹಟ ಹಿಡಿಯುತ್ತಾರೆ, ಮುಂದಿನ ಮದುವೆಯವರೆಗೂ ಮಾತಿರುವುದಿಲ್ಲ. 'ದೊಡ್ಡಪ್ಪ, ನೀವು ಕಳಿಸಿದ ವಿಡಿಯೋ ಹಳೆಯದಂತೆ, ಇಲ್ಲಿ ನೋಡಿ' ಅಂತ ಅವರಿಗೊಬ್ಬರಿಗೇ ಕಳಿಸಿ. ಗ್ರೂಪಿನಿಂದ ತೆಗೆಯುವುದನ್ನು ಅವರಿಗೇ ಬಿಡಿ.

6. ಖಾತೆ ಭದ್ರ ಮಾಡಿ

ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಪಾಸ್‌ವರ್ಡ್ ಅಥವಾ ಓಟಿಪಿ ಕಳ್ಳನ ಕೈಗೆ ಸಿಕ್ಕರೂ ಒಳಗೆ ಬರಲು ಇನ್ನೊಂದು ಗುಟ್ಟು ಬೇಕಾಗುತ್ತದೆ, ಬೀಗದ ಮೇಲೆ ಇನ್ನೊಂದು ಬೀಗದ ಹಾಗೆ. ವಾಟ್ಸ್‌ಆ್ಯಪ್‌ನಲ್ಲಿ ಅದು ಆರು ಅಂಕಿಯ ಪಿನ್. ಫೋನಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ, 'ತಪ್ಪಿ ನಿಮಗೆ ಬಂತು, ಸ್ವಲ್ಪ ಕಳಿಸಿ' ಅಂತ ಗೆಳೆಯರೇ ಕೇಳಿದರೂ. ಆ ಗೆಳೆಯರ ಖಾತೆ ಆಗಲೇ ಕಳ್ಳರ ಕೈಯಲ್ಲಿರಬಹುದು. ತುರ್ತಾಗಿ ಹಣ ಬೇಕು ಅಂತ ಪರಿಚಿತರ ಸಂದೇಶ ಬಂದರೆ ಫೋನ್ ಮಾಡಿ ಮಾತಾಡಿ. ಲೈಕ್ ಒತ್ತಿದರೆ ಹಣ ಕೊಡುತ್ತೇವೆ ಅನ್ನುವವರು, ಹೂಡಿಕೆ ಕಲಿಸುವ ಅಪರಿಚಿತ ಗ್ರೂಪಿನವರು ಮೊದಲು ಒಂದಿಷ್ಟು ದುಡ್ಡು ಕೊಟ್ಟೇ ನಂಬಿಸುತ್ತಾರೆ.

'ನಿಮ್ಮ ಸ್ವಭಾವ ಎಂಥದ್ದು?' ಅನ್ನುವ ರಸಪ್ರಶ್ನೆಗಳಿಂದ ದೂರ ಇರಿ. ಫೇಸ್‌ಬುಕ್ ಬಳಸುವವರ ಮಾಹಿತಿ ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುವ ಒಂದು ಕಂಪನಿಯ ಕೈಸೇರಿದ, 2018ರಲ್ಲಿ ಬಯಲಾದ ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣದ ಬೇರು ಅಂಥದ್ದೇ ಒಂದು ಆ್ಯಪ್. ಅದನ್ನು ಬಳಸಿದವರ ಜೊತೆಗೆ ಅವರ ಗೆಳೆಯರ ಮಾಹಿತಿಯನ್ನೂ ಅದು ಎಳೆದುಕೊಂಡಿತ್ತು. ಒಟ್ಟು 8.7 ಕೋಟಿ ಜನರ ಮಾಹಿತಿ ಹೀಗೆ ಹೋಗಿರಬಹುದು ಅಂತ ಫೇಸ್‌ಬುಕ್ ಆಗ ಹೇಳಿತು. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆಗೆ ಜೋಡಿಸಿಕೊಂಡಿರುವ ಆ್ಯಪ್‌ಗಳ ಪಟ್ಟಿ ಸಿಗುತ್ತದೆ, ಗುರುತಿಲ್ಲದ್ದನ್ನು ತೆಗೆಯಿರಿ.

ಖಾಸಗಿ ಚಿತ್ರ ಹರಡುತ್ತೇನೆ ಅಂತ ಯಾರಾದರೂ ಬೆದರಿಸಿದರೆ ಹಣ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದು ಬ್ಲಾಕ್ ಮಾಡಿ, ಪೊಲೀಸರಿಗೆ ತಿಳಿಸಿ. 'ಸ್ಟಾಪ್ ಎನ್‌ಸಿಐಐ' ಅನ್ನುವ ಉಚಿತ ಸೇವೆ 18 ದಾಟಿದವರಿಗೆ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಗುರುತಿನ ಸಂಕೇತ ಮಾತ್ರ ಕಂಪನಿಗಳಿಗೆ ಹೋಗಿ, ಹೊಂದುವ ಚಿತ್ರ ಕಂಡರೆ ತಡೆಯಲು ನೆರವಾಗುತ್ತದೆ. 18ರ ಒಳಗೆ ತೆಗೆದ ಚಿತ್ರವಾದರೆ 'ಟೇಕ್ ಇಟ್ ಡೌನ್' ಅನ್ನುವ ಸೇವೆ ಇದೆ.

7. ಮನೆಯಲ್ಲಿ ಮಕ್ಕಳಿದ್ದರೆ

ಹೆಚ್ಚಿನ ಆ್ಯಪ್‌ಗಳು 13 ವರ್ಷ ಆಗಿರಬೇಕು ಅನ್ನುತ್ತವೆ. ಆ ವಯಸ್ಸಿಗೆ ಮಕ್ಕಳು ಇದಕ್ಕೆ ತಯಾರಾಗಿರುತ್ತಾರೆ ಅಂತ ಯಾರೋ ಅಳೆದು ಹೇಳಿದ್ದಲ್ಲ. ಮಕ್ಕಳ ಮಾಹಿತಿ ಸಂಗ್ರಹದ ಬಗ್ಗೆ 1998ರಲ್ಲಿ ಅಮೆರಿಕ ಮಾಡಿದ ಕಾನೂನಿನಿಂದ ಬಂದ ಸಂಖ್ಯೆ ಅದು. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಿಂದ ಅನೇಕ ಆ್ಯಪ್‌ಗಳಿಗೆ 16 ಅಂತ ಮಾಡಿದೆ. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಬಳಸುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಇಮ್ಮಡಿ ಅಂತ ಅಮೆರಿಕದ ಆಗಿನ ಸರ್ಜನ್ ಜನರಲ್ (ಸರ್ಕಾರದ ಪರವಾಗಿ ಜನರಿಗೆ ಆರೋಗ್ಯ ಸಲಹೆ ಕೊಡುವ ಮುಖ್ಯ ವೈದ್ಯ) ವಿವೇಕ್ ಮೂರ್ತಿ 2023ರ ಸಲಹಾಪತ್ರದಲ್ಲಿ ಎಚ್ಚರಿಸಿದ್ದರು. ಬಳಕೆಯಿಂದ ಬೇಸರ ಬರುತ್ತದಾ, ಬೇಸರ ಇದ್ದವರು ಜಾಸ್ತಿ ಬಳಸುತ್ತಾರಾ ಅನ್ನುವ ವಾದ ಇನ್ನೂ ನಡೆದಿದೆ. ಆದರೆ ನಿದ್ದೆ ಕೆಡುವುದಕ್ಕೆ ವಾದ ಬೇಕಿಲ್ಲ.

ಕದ್ದು ಫೋನ್ ನೋಡುವುದಕ್ಕಿಂತ ಒಂದು ಮಾತು ಕೊಡುವುದು ಜಾಸ್ತಿ ಕೆಲಸ ಮಾಡುತ್ತದೆ. 'ಅಲ್ಲಿ ಏನೇ ಕೆಟ್ಟದ್ದಾದರೂ ನನಗೆ ಹೇಳು. ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ' ಅಂತ. ಬೆದರಿಕೆ, ಗೇಲಿಗಳನ್ನು ಮಕ್ಕಳು ಮುಚ್ಚಿಡುವುದು ಹೆಚ್ಚಾಗಿ ಫೋನ್ ಹೋಗುತ್ತದೆ ಅನ್ನುವ ಭಯಕ್ಕೆ. ಇನ್ನೊಂದು, ಮಗುವಿನ ಫೋಟೋ ಹಾಕುವ ಮುನ್ನ ಅದನ್ನೇ ಕೇಳಿ. ಶಾಲೆಯ ಹೆಸರಿರುವ ಸಮವಸ್ತ್ರದ ಫೋಟೋ ಅಂತೂ ಬೇಡವೇ ಬೇಡ.

8. ತಿಂಗಳ ನಂತರ ಹಾಳೆ ತೆಗೆಯಿರಿ

ಮೊದಲ ವಾರದ ಸಂಖ್ಯೆಗಳ ಪಕ್ಕ ಈಗಿನದು ಬರೆಯಿರಿ. ಏನು ತಪ್ಪಿಹೋಯಿತು ಅನ್ನಿಸಿತೋ ಅದನ್ನು ವಾಪಸ್ ತಂದುಕೊಳ್ಳಿ, ನಾಚಿಕೆ ಬೇಡ. ಯಾವ ಖಾತೆಯ ನೆನಪೇ ಆಗಲಿಲ್ಲವೋ ಅದನ್ನು ಮುಚ್ಚಬಹುದು.

ಮುಚ್ಚುವುದರಲ್ಲಿ ಮೂರು ಬಗೆ. ಫೋನಿನಿಂದ ಆ್ಯಪ್ ತೆಗೆದರೆ ಖಾತೆ ಹಾಗೇ ಇರುತ್ತದೆ. 'ಡಿಆ್ಯಕ್ಟಿವೇಟ್' ಮಾಡಿದರೆ ಖಾತೆ ಮರೆಯಾಗುತ್ತದೆ, ಮಾಹಿತಿ ಕಂಪನಿಯ ಬಳಿಯೇ ಉಳಿಯುತ್ತದೆ. 'ಡಿಲೀಟ್' ಮಾಡಿದರೆ ಮಾತ್ರ ಅಳಿಯುತ್ತದೆ. ಡಿಲೀಟ್‌ಗೆ ಮುನ್ನ ಎರಡು ಕೆಲಸ ಮರೆಯಬೇಡಿ. ನಿಮ್ಮ ಫೋಟೋ, ಸಂದೇಶಗಳ ಪ್ರತಿಯನ್ನು ಸೆಟ್ಟಿಂಗ್ಸ್ ಮೂಲಕ ಇಳಿಸಿಕೊಳ್ಳಿ. 'ಫೇಸ್‌ಬುಕ್ ಮೂಲಕ ಲಾಗಿನ್' ಅಂತ ಬೇರೆ ಯಾವ ಯಾವ ಆ್ಯಪ್‌ಗೆ ಹೋಗುತ್ತೀರಿ ನೋಡಿ, ಮೊದಲು ಅಲ್ಲೆಲ್ಲ ಇಮೇಲ್ ಮತ್ತು ಪಾಸ್‌ವರ್ಡ್ ಹಾಕಿಕೊಳ್ಳಿ. ಇಲ್ಲದಿದ್ದರೆ ಅವೂ ಕೈತಪ್ಪುತ್ತವೆ. ಫೇಸ್‌ಬುಕ್ 30 ದಿನ ಗಡುವು ಕೊಡುತ್ತದೆ, ಅಷ್ಟರೊಳಗೆ ಲಾಗಿನ್ ಆದರೆ ಡಿಲೀಟ್ ರದ್ದು ಮಾಡಬಹುದು. ಆಮೇಲೆ ಅವರ ಕಂಪ್ಯೂಟರ್‌ಗಳಿಂದ ಎಲ್ಲ ಅಳಿಯಲು 90 ದಿನದವರೆಗೂ ಹಿಡಿಯಬಹುದು.